ಕೊಡುವ ಸೇರು, ಕೊಳ್ಳುವ ಸೇರು

ನಮ್ಮ ಸೀಮೆಯ ಸಾಹುಕಾರರ ಮನೆಗಳಲ್ಲಿ ಎರಡು ಸೇರು ಇರುತ್ತಿದ್ದವೆಂದು ಹಳಬರು ಹೇಳುತ್ತಾರೆ. ಮಳೆಗಾಲದಲ್ಲಿ ಸಾಲದ ಜೋಳ ಅಳೆದು ಕೊಡುವುದಕ್ಕೆ ಒಂದು, ಸುಗ್ಗಿಯಲ್ಲಿ ಅದನ್ನು ಬಡ್ಡಿ ಸಮೇತ ಅಳೆದುಕೊಳ್ಳುವುದಕ್ಕೆ ಇನ್ನೊಂದು. ಕೊಡುವ ಸೇರು ಸಣ್ಣದು, ಕೊಳ್ಳುವ ಸೇರು ದೊಡ್ಡದು. ಎರಡಕ್ಕೂ ಹೆಸರು ಸೇರೇ. ಜೀತದಾಳಿಗೆ ಈ ಮೋಸ ಗೊತ್ತಿರಲಿಲ್ಲವೆಂದೇನೂ ಇಲ್ಲ. ಎರಡೂ ಸೇರನ್ನು ಪಕ್ಕಪಕ್ಕ ಇಟ್ಟು ನೋಡುವ ಹಕ್ಕು ಅವನಿಗೆ ಇರಲಿಲ್ಲ. ಈಗ ಸೇರು ಹೋಗಿ ಕಿಲೋ ಬಂದಿದೆ. ಆದರೆ ರಾಜಕಾರಣಿಗಳನ್ನೂ ಪತ್ರಿಕೆಗಳನ್ನೂ ಅಳೆಯುವಾಗ ಎರಡು ಸೇರಿನ ಪದ್ಧತಿ ಹಾಗೆಯೇ ಉಳಿದಿದೆ. ನಮ್ಮ ಪಕ್ಷದವನ ತಪ್ಪಿಗೆ ಸಣ್ಣ ಸೇರು, ಎದುರು ಪಕ್ಷದವನ ತಪ್ಪಿಗೆ ದೊಡ್ಡ ಸೇರು. ಅಳೆಯುವವರು ಬದಲಾಗುತ್ತಾರೆ, ಕೇರಿಗೆ ಬೀಳುವ ಕಾಳು ಮಾತ್ರ ಯಾವತ್ತೂ ಕಡಿಮೆ. ಇದನ್ನು ಕೊಪ್ಪಳ ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲನೆಯದು ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿನ ದಲಿತ ಕೇರಿಗೆ ಗುಂಪೊಂದು ನುಗ್ಗಿತು. ಗುಡಿಸಲುಗಳಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನು ಬಡಿಯಿತು. ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮನ್ನು ಯಾಕೆ ಬಿಡುವುದಿಲ್ಲ ಎಂದು ದಲಿತರು ಕೇಳಿದ್ದು ಇದರ ಹಿನ್ನೆಲೆ. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ.

ಎರಡನೆಯದು ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರ್ 4ರಂದು ಚೆನ್ನದಾಸರ ಸಮುದಾಯದ ತಂದೆಯೊಬ್ಬರು ಮಗನ ಹುಟ್ಟುಹಬ್ಬಕ್ಕೆ ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದಾಗ, ಎರಡು ವರ್ಷದ ಕೂಸು ಒಳಗೆ ಓಡಿತು. ಊರ ಹಿರಿಯರು ಸಭೆ ಸೇರಿದರು. ಗುಡಿ ಶುದ್ಧಿಯ ಖರ್ಚೆಂದು 25 ಸಾವಿರ ರೂಪಾಯಿಯವರೆಗೆ ದಂಡದ ಮಾತಾಡಿದರೆಂದು ವರದಿಯಾಯಿತು. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಬಂದರು, ಪೊಲೀಸರು ಐವರನ್ನು ಬಂಧಿಸಿದರು. ಆಗ ಇದ್ದದ್ದು ಬಿಜೆಪಿ ಸರ್ಕಾರ.

ಮೂರನೆಯದು ಯಲಬುರ್ಗಾ ತಾಲ್ಲೂಕಿನ ಸಂಗನಾಳ. 2024ರ ಆಗಸ್ಟ್‌ನಲ್ಲಿ ಕ್ಷೌರಕ್ಕೆಂದು ಅಂಗಡಿಗೆ ಹೋದ ದಲಿತ ಯುವಕ ಕತ್ತರಿ ಇರಿತದಿಂದ ಸತ್ತ. ಕ್ಷೌರ ಮಾಡುವ ಮಾತಿನಿಂದಲೇ ಜಗಳ ಹುಟ್ಟಿತೆಂಬುದು ಆರೋಪ. ಆರೋಪಿಯ ಬಂಧನವಾಯಿತು. ಆಗ ಮತ್ತೆ ಕಾಂಗ್ರೆಸ್ ಸರ್ಕಾರ.

ಮೂರು ತಾಲ್ಲೂಕು, ಹತ್ತು ವರ್ಷ, ಸರ್ಕಾರಗಳು ಬೇರೆ ಬೇರೆ. ಕ್ಷೌರದಂಗಡಿಯ ಕುರ್ಚಿ ಮತ್ತು ಗುಡಿಯ ಹೊಸ್ತಿಲು ಮಾತ್ರ ಅಲ್ಲೇ ಇವೆ. ಈಗ ಪಕ್ಷಗಳ ಬಾಲಂಗೋಚಿಗಳು ಚಹಾದಂಗಡಿಯಲ್ಲಿ ಆಡುವ ಮಾತನ್ನು ಕೇಳಿ. ಒಬ್ಬ, "ನಿಮ್ಮ ಕಾಲದಾಗ ಕೂಸಿಗೆ ದಂಡ ಹಾಕಲಿಲ್ಲೇನು?" ಎನ್ನುತ್ತಾನೆ. ಇನ್ನೊಬ್ಬ, "ನಿಮ್ಮ ಕಾಲದಾಗ ಮರಕುಂಬಿ ಸುಡಲಿಲ್ಲೇನು?" ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಆದರೆ ಒಬ್ಬ ತನ್ನ ಕಾಲದ ಊರಿನ ಹೆಸರು ಎತ್ತುವುದಿಲ್ಲ, ಇನ್ನೊಬ್ಬನೂ ಎತ್ತುವುದಿಲ್ಲ. ಸುಟ್ಟವರ, ದಂಡ ಕೇಳಿದವರ ಮಾತು ಹಿಂದೆ ಸರಿದು, ಕಾಲ ಯಾರದು ಎಂಬುದೇ ಚರ್ಚೆಯಾಗಿಬಿಡುತ್ತದೆ. ದಲಿತನ ಗಾಯ ಎದುರು ಪಕ್ಷಕ್ಕೆ ಎಸೆಯುವ ಕಲ್ಲಾಗಿ ಮಾತ್ರ ಬೆಲೆ ಪಡೆಯುತ್ತದೆ. ಕಲ್ಲು ಎಸೆದಾದ ಮೇಲೆ ಅದನ್ನು ಯಾರೂ ಹುಡುಕುವುದಿಲ್ಲ.

ಮರಕುಂಬಿಯನ್ನೇ ಹಿಡಿದು ನೋಡಿ. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ದೇಶವೇ ತಿರುಗಿ ನೋಡಿದ ತೀರ್ಪು ಅದು. ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಹುಪಾಲು ಜನರಿಗೆ ಜಾಮೀನು ಕೊಟ್ಟಿತು. ಕೆಳ ನ್ಯಾಯಾಲಯದ ತೀರ್ಪು ಬರುವುದಕ್ಕೇ ಹತ್ತು ವರ್ಷ ಹಿಡಿದಿತ್ತು. ಆ ಹತ್ತು ವರ್ಷದಲ್ಲಿ ಸಿದ್ದರಾಮಯ್ಯ, ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಮತ್ತೆ ಸಿದ್ದರಾಮಯ್ಯ ಆಳಿದರು. ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಅಧಿಕಾರದ ರುಚಿ ಉಂಡವು. ಸಾಕ್ಷಿಗಳು ಅದೇ ಊರಿನಲ್ಲಿ, ಅದೇ ಓಣಿಯಲ್ಲಿ, ಆರೋಪಿಗಳ ಕಣ್ಣೆದುರಿಗೆ ಬದುಕಬೇಕಾಗಿದ್ದಾಗ ವಿಧಾನಸೌಧದಲ್ಲಿ ಅವರ ಪರವಾಗಿ ಸತತವಾಗಿ ನಿಂತ ಪಕ್ಷ ಯಾವುದು? ತೀರ್ಪಿನ ದಿನ ಮುಖಪುಟದಲ್ಲಿ ದಪ್ಪ ಅಕ್ಷರ ಹಾಕಿದ ಪತ್ರಿಕೆಗಳು ನಡುವಿನ ಹತ್ತು ವರ್ಷದಲ್ಲಿ ಎಷ್ಟು ಸಲ ಆ ಊರಿಗೆ ವರದಿಗಾರನನ್ನು ಕಳಿಸಿದವು? ಈ ಪ್ರಶ್ನೆಯನ್ನು ಒಂದೇ ಪಕ್ಷಕ್ಕೆ, ಒಂದೇ ಪತ್ರಿಕೆಗೆ ಕೇಳುವವನು ಪ್ರಾಮಾಣಿಕನಲ್ಲ.

ಇದು ನಮ್ಮ ಜಿಲ್ಲೆಯೊಂದರ ಹಣೆಬರಹವಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದಾಗ ಎಸ್. ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರವಿತ್ತು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿದಾಗ ಜೆಡಿಎಸ್-ಬಿಜೆಪಿ ಕೂಡಾವಳಿ ಸರ್ಕಾರವಿತ್ತು. 2014ರಲ್ಲಿ ಹೈಕೋರ್ಟು ಆ ಖುಲಾಸೆಯನ್ನು ಎತ್ತಿಹಿಡಿದಾಗ ಮತ್ತೆ ಕಾಂಗ್ರೆಸ್ ಇತ್ತು. ಹೆಣಗಳು ಏಳು, ಅಪರಾಧಿ ಒಬ್ಬನೂ ಇಲ್ಲ. ಪ್ರಕರಣವನ್ನು ಹೀಗೆ ಸೊರಗಲು ಬಿಟ್ಟವರು ಯಾರೆಂದು ಕೇಳಿದರೆ ಪ್ರತಿ ಪಕ್ಷದ ಬೆರಳೂ ಇನ್ನೊಂದರ ಕಡೆ ತಿರುಗುತ್ತದೆ.

ಕುಷ್ಟಗಿಯಲ್ಲಿ ಈ ಬೆರಳು ತೋರಿಸುವ ಕೆಲಸ ಇನ್ನೂ ಸಲೀಸು. 2008ರಲ್ಲಿ ಇಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ಅಮರೇಗೌಡ ಬಯ್ಯಾಪುರ, ರಾಜ್ಯದಲ್ಲಿ ಬಂದದ್ದು ಬಿಜೆಪಿ. 2013ರಲ್ಲಿ ಗೆದ್ದದ್ದು ಬಿಜೆಪಿಯ ದೊಡ್ಡನಗೌಡ ಪಾಟೀಲ, ಬಂದದ್ದು ಕಾಂಗ್ರೆಸ್. 2018ರಲ್ಲಿ ಮತ್ತೆ ಬಯ್ಯಾಪುರ ಗೆದ್ದರು. ಮೈತ್ರಿ ಸರ್ಕಾರ ವರ್ಷ ಕಳೆಯುತ್ತಲೇ ಬಿದ್ದು ಬಿಜೆಪಿ ಬಂತು. 2023ರಲ್ಲಿ ಮತ್ತೆ ದೊಡ್ಡನಗೌಡರು, ಸರ್ಕಾರ ಕಾಂಗ್ರೆಸ್ಸಿನದು. ಹೀಗಾಗಿ ಇಲ್ಲಿನ ಶಾಸಕ ಯಾರೇ ಆಗಲಿ, "ಏನ್ ಮಾಡೋದ್ರೀ, ನಮ್ಮ ಸರ್ಕಾರ ಇಲ್ಲ" ಎನ್ನುವ ಅನುಕೂಲ ಇದ್ದೇ ಇದೆ. ಸರ್ಕಾರಕ್ಕೂ "ಅಲ್ಲಿ ನಮ್ಮ ಶಾಸಕನಿಲ್ಲ" ಎನ್ನುವ ಅನುಕೂಲವಿದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಇವತ್ತಿಗೂ ನಮ್ಮ ಜನ ಬುತ್ತಿ ಕಟ್ಟಿಕೊಂಡು ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ದುಡಿಯಾಕ ಹೋಗುತ್ತಾರೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಒಳ್ಳೆಯದೇ. ಆದರೆ ಬಂದ ರೈಲಿಗೆ ಅಪ್ಪಂದಿರು ಬಹಳ, ಬಾರದ ನೀರಿಗೆ ಮಾತ್ರ ಅಪ್ಪನೇ ಇಲ್ಲ.

ಇನ್ನು ಪಕ್ಷನಿಷ್ಠೆಯ ಮಾತು. ಕರಡಿ ಸಂಗಣ್ಣ 2008ರಲ್ಲಿ ಜೆಡಿಎಸ್‌ನಿಂದ ಕೊಪ್ಪಳದ ಶಾಸಕರಾದರು. 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2014, 2019ರಲ್ಲಿ ಬಿಜೆಪಿಯ ಲೋಕಸಭಾ ಸದಸ್ಯರಾದರು. 2024ರಲ್ಲಿ ಟಿಕೆಟ್ ತಪ್ಪಿದಾಗ ಕಾಂಗ್ರೆಸ್ ಸೇರಿದರು. ಜನಾರ್ದನ ರೆಡ್ಡಿ 2023ರಲ್ಲಿ ಸ್ವಂತ ಪಕ್ಷದಿಂದ ಗಂಗಾವತಿಯಲ್ಲಿ ಗೆದ್ದು 2024ರ ಮಾರ್ಚ್‌ನಲ್ಲಿ ಪಕ್ಷವನ್ನೇ ಬಿಜೆಪಿಯಲ್ಲಿ ಕರಗಿಸಿದರು. ನಾಯಕರು ಅಂಗಿ ಬದಲಿಸಿದಷ್ಟು ಸಲೀಸಾಗಿ ಧ್ವಜ ಬದಲಿಸುವಾಗ, ಆ ಧ್ವಜಕ್ಕಾಗಿ ಕೇರಿಯ ಹುಡುಗರು ಒಬ್ಬರ ತಲೆ ಒಬ್ಬರು ಒಡೆದುಕೊಳ್ಳುವುದು ಎಂಥ ದುರಂತ! ನಿನ್ನೆ ಯಾರನ್ನು ಬೈಯಲು ನಮ್ಮ ಹುಡುಗರಿಗೆ ಕಲಿಸಿದರೋ ಇಂದು ಅವರ ಪಕ್ಕದಲ್ಲೇ ಕೂತು ಹಾರ ಹಾಕಿಸಿಕೊಳ್ಳುತ್ತಾರೆ.

ಹಣದ ಲೆಕ್ಕ ತೆಗೆದರೆ ಎರಡು ಸೇರಿನ ಆಟ ಇನ್ನೂ ಬಯಲಾಗುತ್ತದೆ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯ್ದೆ 2013ರಲ್ಲಿ ಬಂತು. ಜನಸಂಖ್ಯೆಗೆ ತಕ್ಕ ಪಾಲನ್ನು ದಲಿತರಿಗಾಗಿಯೇ ತೆಗೆದಿಡಬೇಕೆಂದು ಅದು ಹೇಳಿತು. ಅದರೊಳಗೇ 7ಡಿ ಎಂಬ ಕಿಂಡಿಯನ್ನೂ ಇಟ್ಟರು. ಎಲ್ಲರಿಗೂ ಆಗುವ ರಸ್ತೆ, ನೀರಾವರಿಯ ಖರ್ಚಿನಲ್ಲೂ ಒಂದು ಭಾಗ ದಲಿತರಿಗೆ ತಲುಪಿತೆಂದು ಬರೆದುಕೊಳ್ಳುವ ಕಿಂಡಿ ಅದು. ಆ ಕಿಂಡಿಯಲ್ಲಿ ಕೈಹಾಕಿದವರು ಒಂದು ಪಕ್ಷದವರಲ್ಲ. 2023ರಲ್ಲಿ ಸಿದ್ದರಾಮಯ್ಯ ಸರ್ಕಾರ 7ಡಿಯನ್ನು ಕಿತ್ತುಹಾಕಿತು. ಅದು ಚಳವಳಿಯ ಬೇಡಿಕೆಯಾಗಿತ್ತು, ಆ ಮಟ್ಟಿಗೆ ಸರಿ. ಆದರೆ ಅದೇ ಸರ್ಕಾರ ಈ ನಿಧಿಯಿಂದ 2023-24ರಲ್ಲಿ 11,144 ಕೋಟಿ, 2024-25ರಲ್ಲಿ 14,282 ಕೋಟಿ ರೂಪಾಯಿಗಳನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತಿರುಗಿಸಿತು. ದಲಿತ ಹೆಣ್ಣುಮಕ್ಕಳೂ ಎರಡು ಸಾವಿರ ಪಡೆಯುವುದಿಲ್ಲವೇ ಎಂಬುದು ಸಮರ್ಥನೆ. ಪಡೆಯುತ್ತಾರೆ, ಪಡೆಯಲೇಬೇಕು. ಆದರೆ ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಸಿಗುವುದನ್ನು ದಲಿತರಿಗೆ ಕೊಡುವಾಗ ಮಾತ್ರ ದಲಿತರ ಮೀಸಲು ಗಂಟಿನಿಂದ ತೆಗೆಯುವುದೇಕೆ? ಊರಿಗೆಲ್ಲ ಹಬ್ಬ, ಸಾಲ ಕೇರಿಯ ಹೆಸರಿಗೆ! ಇದನ್ನು ವಿರೋಧಿಸಿ ಬಿಜೆಪಿ ಬೀದಿಗಿಳಿಯಿತು. ತಾನು ಆಳಿದ ವರ್ಷಗಳಲ್ಲಿ 7ಡಿಯನ್ನು ತೆಗೆಯಲು ಯಾರು ಅಡ್ಡಿಯಾಗಿದ್ದರು ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ.

ನಿಗಮಗಳ ಕತೆಯೂ ಇದೇ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗವಾದದ್ದು ಅಲ್ಲಿನ ಅಧಿಕಾರಿಯೊಬ್ಬರು 2024ರ ಮೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಹೊರಬಿತ್ತು. ಜೂನ್‌ನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಬಿಜೆಪಿ ಪಾದಯಾತ್ರೆಯ ಮಾತಾಡಿತು. ಆಗ ಕಾಂಗ್ರೆಸ್ಸಿನವರು ಭೋವಿ ಅಭಿವೃದ್ಧಿ ನಿಗಮದಲ್ಲಿ ಬಿಜೆಪಿ ಕಾಲದಲ್ಲಿ ನಡೆದವೆನ್ನಲಾದ ಅಕ್ರಮಗಳ ಕಡತ ತೋರಿಸಿದರು. ನಮ್ಮ ಜಿಲ್ಲೆಯ ನಾಯಕರ ಓಣಿಯಲ್ಲಿ, ವಡ್ಡರ ಓಣಿಯಲ್ಲಿ ಗಂಗಾ ಕಲ್ಯಾಣದ ಬೋರಿಗೆ ಅರ್ಜಿ ಹಾಕಿ ಕೂತವರಿಗೆ ಎರಡೂ ಕಳವು ಒಂದೇ. "ನಮ್ಮ ಕಳ್ಳ ನಿಮ್ಮ ಕಳ್ಳನಿಗಿಂತ ಮೇಲು" ಎಂಬ ವಾದದಿಂದ ಅವರ ಹೊಲಕ್ಕೆ ಒಂದು ಕೊಡ ನೀರೂ ಬರಲಿಲ್ಲ.

ಈಗ ಪತ್ರಿಕೆಗಳ ಭಾಷೆಗೆ ಬರೋಣ. ಸಾಹಿತ್ಯವನ್ನು ವಿಮರ್ಶೆ ಮಾಡುವ ನಾವು ದಿನವೂ ಓದುವ ಸುದ್ದಿಯನ್ನು ವಿಮರ್ಶೆ ಮಾಡುವುದಿಲ್ಲ. ಸುದ್ದಿಯ ವ್ಯಾಕರಣದಲ್ಲೇ ಜಾತಿ ಅಡಗಿ ಕೂತಿರುತ್ತದೆ. "ದಲಿತರ ಮೇಲೆ ಹಲ್ಲೆ ನಡೆದಿದೆ." ಯಾರು ನಡೆಸಿದರು? ಕರ್ತೃಪದ ಎಲ್ಲಿ ಹೋಯಿತು? "ಎರಡು ಗುಂಪುಗಳ ನಡುವೆ ಘರ್ಷಣೆ." ಕೊಡಲಿ ಹಿಡಿದವರೂ ಕೊಡಲಿಗೆ ಸಿಕ್ಕವರೂ ಒಂದೇ ತಕ್ಕಡಿಯ ಎರಡು ತಟ್ಟೆಗಳಾದರು. "ಕ್ಷುಲ್ಲಕ ಕಾರಣಕ್ಕೆ ಕೊಲೆ." ಮನುಷ್ಯನಂತೆ ಕುರ್ಚಿಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳಬೇಕೆನ್ನುವುದು ಕ್ಷುಲ್ಲಕವೇ? ಕೊನೆಗೊಂದು ಸಾಲು, "ಗ್ರಾಮದಲ್ಲಿ ಪರಿಸ್ಥಿತಿ ಶಾಂತವಾಗಿದೆ." ದಂಡ ಹಾಕುವ ಮೊದಲೂ ಗ್ರಾಮ ಶಾಂತವಾಗಿಯೇ ಇತ್ತು. ಕೂಸು ಗುಡಿಯೊಳಕ್ಕೆ ಓಡದಂತೆ ಅಪ್ಪ ಕೈಹಿಡಿದುಕೊಂಡಿರುವಷ್ಟು ದಿನ ಎಲ್ಲ ಊರುಗಳೂ ಶಾಂತವೇ. ಈ ವ್ಯಾಕರಣವನ್ನು ಎಡದವರಿಗೆ ಸೇರಿದ್ದು, ಬಲದವರಿಗೆ ಸೇರಿದ್ದು ಎಂಬ ಭೇದವಿಲ್ಲದೆ ಎಲ್ಲ ಪತ್ರಿಕೆ, ಚಾನೆಲ್‌ಗಳಲ್ಲೂ ಕಾಣಬಹುದು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಆರಂಭಿಸಿದಾಗ, ಹಣ ಕೊಡುತ್ತೇವೆಂದರೂ ಅದರ ಜಾಹೀರಾತನ್ನು ತಿಲಕರ 'ಕೇಸರಿ' ಹಾಕಲಿಲ್ಲ. ಇದಾಗಿ ನೂರು ವರ್ಷ ಸಮೀಪಿಸಿದಾಗ, 2019ರಲ್ಲಿ, ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಸೇರಿ ದೇಶದ ಪತ್ರಿಕೆ, ಚಾನೆಲ್‌ಗಳ 121 ಮೇಲಿನ ಹುದ್ದೆಗಳನ್ನು ಎಣಿಸಿದವು. 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಇದರ ಜೊತೆಗೆ ಜಾಹೀರಾತಿನ ಮೂಗುದಾರ. ಸರ್ಕಾರ ಯಾವ ಪಕ್ಷದ್ದಾದರೂ ಹಗ್ಗ ಹಿಡಿದ ಕೈ ವಾರ್ತಾ ಇಲಾಖೆಯದೇ. 2022ರ ದೀಪಾವಳಿಗೆ ಆಗಿನ ಮುಖ್ಯಮಂತ್ರಿಗಳ ಕಚೇರಿಯಿಂದ ಕೆಲವು ಪತ್ರಕರ್ತರಿಗೆ ಹೋದ ಸಿಹಿ ಡಬ್ಬಿಯಲ್ಲಿ ಲಕ್ಷಗಟ್ಟಲೆ ನಗದು ಇತ್ತೆಂಬ ಆರೋಪ ಬಂದು ಲೋಕಾಯುಕ್ತಕ್ಕೆ ದೂರು ಹೋಯಿತು. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಗದ್ದಲ ಎಬ್ಬಿಸಿತು. ಏಳು ತಿಂಗಳಲ್ಲಿ ಅದೇ ಅಧಿಕಾರಕ್ಕೆ ಬಂತು. ಆ ಗದ್ದಲ ಈಗ ಎಲ್ಲಿದೆ?

ಇಲ್ಲಿ ತಾಲ್ಲೂಕಿನ ಬಿಡಿ ವರದಿಗಾರನನ್ನು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಅವನಿಗೆ ಸಂಬಳವೆಂಬುದು ಹೆಸರಿಗೆ ಮಾತ್ರ. ಶಾಸಕರ ಹುಟ್ಟುಹಬ್ಬಕ್ಕೆ, ಜಾತ್ರೆಗೆ, ರಾಜ್ಯೋತ್ಸವಕ್ಕೆ ಜಾಹೀರಾತು ತಂದರೆ ಅವನಿಗೆ ಕಮಿಷನ್. ಬೆಳಗ್ಗೆ ಯಾರ ಮನೆಗೆ ಜಾಹೀರಾತಿಗೆ ಹೋದನೋ ಸಂಜೆ ಅವರ ವಿರುದ್ಧ ಬರೆಯಬೇಕೆಂದರೆ ಅವನ ಒಲೆ ಆರುತ್ತದೆ. ಅವನ ಕುತ್ತಿಗೆ ಹಿಸುಕಿ ಲಾಭ ಎಣಿಸುವವರು ಮೇಲೆ ಕೂತಿದ್ದಾರೆ. ಉತ್ತರ ಕೊಡಬೇಕಾದವರು ಅವರು.

ಹೀಗೆ ಮಾತಾಡಿದ ಕೂಡಲೆ ನಮ್ಮ ಗೆಳೆಯರಲ್ಲೇ ಕೆಲವರು ಮುಖ ಸಿಂಡರಿಸುತ್ತಾರೆ. "ಕೋಮುವಾದ ಬಾಗಿಲಿಗೆ ಬಂದು ನಿಂತಿದೆ, ಈಗ ಜಾತ್ಯತೀತ ಸರ್ಕಾರವನ್ನು ಟೀಕಿಸಿದರೆ ಶತ್ರುವಿಗೆ ಬಲ ಬರುವುದಿಲ್ಲವೇ? ನಿಮಗೆ ಎಲ್ಲರೂ ಒಂದೇನಾ?" ಎನ್ನುತ್ತಾರೆ. ಇದು ಗಂಭೀರವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ನಮ್ಮ ಉತ್ತರ ಇಷ್ಟೆ. ಒಂದೇ ಸೇರಿನಿಂದ ಅಳೆದರೆ ಎಲ್ಲರ ಕಾಳೂ ಒಂದೇ ಆಗುವುದಿಲ್ಲ. ಯಾರದು ಎಷ್ಟು ಎಂಬುದು ಆಗಲೇ ಖಚಿತವಾಗುವುದು. ಸಂವಿಧಾನವನ್ನೇ ಬದಲಿಸಬೇಕೆನ್ನುವವರ ಅಪಾಯ ದೊಡ್ಡದೆಂದು ಹೇಳುವುದಕ್ಕೂ ಅಳತೆ ಬೇಕು. ಅಳತೆಯೇ ಸುಳ್ಳಾದರೆ ಆ ಮಾತನ್ನು ನಂಬುವವರು ಯಾರು? ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೋಗವೂ ಇದೆ. "ಎಲ್ಲಾರೂ ಕಳ್ಳರಾ ಬಿಡ್ರಿ" ಎನ್ನುವ ರೋಗ. ಹೀಗೆನ್ನುವವನು ಬುದ್ಧಿವಂತನಂತೆ ಕಂಡರೂ ಅಳೆಯುವ ಕೆಲಸವನ್ನೇ ಕೈಬಿಟ್ಟ ಸೋಮಾರಿ. ಅವನಿಂದ ಊರಗೌಡನಿಗೆ ಎಳ್ಳಷ್ಟೂ ತೊಂದರೆಯಿಲ್ಲ.

ದೇವರಾಜ ಅರಸರನ್ನು ತೆಗೆದುಕೊಳ್ಳಿ. 1974ರ ಭೂಸುಧಾರಣೆ, ಹಿಂದುಳಿದವರಿಗೆ ಹಾವನೂರು ಆಯೋಗ, ಇವನ್ನು ಪೂರ್ತಿ ಸೇರಿನಿಂದ ಅಳೆದು ಅವರ ಹೆಸರಿಗೆ ಬರೆಯಬೇಕು. ಅದೇ ಅರಸರ ಸಂಪುಟದಲ್ಲಿದ್ದು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಿ. ಬಸವಲಿಂಗಪ್ಪ, 1973ರ ನವೆಂಬರ್‌ನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದದ್ದಕ್ಕೆ ಮಂತ್ರಿಗಿರಿ ಕಳೆದುಕೊಂಡರು. ದಲಿತ ವಿದ್ಯಾರ್ಥಿಗಳು ಬೀದಿಗಳಲ್ಲಿ ಏಟು ತಿಂದರು. ಅದನ್ನೂ ಅದೇ ಸೇರಿನಿಂದ ಅಳೆದು ಬರೆಯಬೇಕು. ಒಂದನ್ನು ಬರೆದದ್ದಕ್ಕೆ ಇನ್ನೊಂದನ್ನು ಅಳಿಸಬೇಕಾಗಿಲ್ಲ. 1980ರಲ್ಲಿ ಹುಟ್ಟಿದ 'ಲಂಕೇಶ್ ಪತ್ರಿಕೆ' ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಡೆಯಿತು. ಗುಂಡೂರಾಯರ ಕಾಂಗ್ರೆಸ್ ಸರ್ಕಾರವನ್ನು ಝಾಡಿಸಿತು. 1983ರಲ್ಲಿ ಹೆಗಡೆಯವರ ಜನತಾ ಸರ್ಕಾರ ಬಂದ ಮೇಲೆ, ನಮ್ಮವರೇ ಬಂದರೆಂದು ಪೆನ್ನು ಮುಚ್ಚಿಡಲಿಲ್ಲ. ಹಳ್ಳಿಯ ಓದುಗ ಅದನ್ನು ನಂಬಿದ್ದು ಈ ಕಾರಣಕ್ಕೆ. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾದರೂ ರಾಜಕಾರಣದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿಯೆಂದು ಎಚ್ಚರಿಸಿದರು. ಅವರ ಪ್ರತಿಮೆಗೆ ಹಾರ ಹಾಕಿ ಬಂದು ಪಕ್ಷದ ಭಜನೆ ಮಾಡುವವರು ಆ ಮಾತನ್ನು ಯಾವ ಕಿವಿಯಲ್ಲಿ ಕೇಳಿದರು?

ಹಾಗಾದರೆ ಮಾಡುವುದೇನು? ಕಾನೂನಿನಲ್ಲೇ ಒಂದು ಸೇರು ಇದೆ, ನಾವು ಕೈಗೆತ್ತಿಕೊಂಡರೆ ಸಾಕು. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳಾದವು. 16ನೇ ನಿಯಮದ ಪ್ರಕಾರ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. 17ನೇ ನಿಯಮದ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪರಿಹಾರ, ಪುನರ್ವಸತಿ, ಕೇಸುಗಳ ವಿಚಾರಣೆ ಎಲ್ಲಿಗೆ ಬಂತು, ಅಧಿಕಾರಿಗಳು ತಮ್ಮ ಕೆಲಸ ಮಾಡಿದರೇ ಎಂದು ನೋಡುವುದು ಅದರ ಹೊಣೆ. ಗೆಳೆಯರೆ, ಇದನ್ನು ಗಮನವಿಟ್ಟು ಓದಿ: ಆ ಜಿಲ್ಲಾ ಸಮಿತಿಯಲ್ಲಿ ಶಾಸಕರೂ ಸಂಸದರೂ ಸದಸ್ಯರು. ಆಳುವ ಪಕ್ಷದವರು ಮಾತ್ರವೆಂದು ಎಲ್ಲಿಯೂ ಬರೆದಿಲ್ಲ. "ನಮ್ಮ ಸರ್ಕಾರ ಇಲ್ಲ" ಎಂಬ ಮಾತಿಗೆ ಆ ಕೋಣೆಯಲ್ಲಿ ಜಾಗವಿಲ್ಲ.

ಆದ್ದರಿಂದ ಕೇಳೋಣ. ಕಳೆದ ಹತ್ತು ವರ್ಷದಲ್ಲಿ ಈ ಸಮಿತಿ ಯಾವ ಯಾವ ದಿನ ಸೇರಿತು? ಯಾವ ಶಾಸಕ, ಯಾವ ಸಂಸದ ಎಷ್ಟು ಸಭೆಗೆ ಬಂದರು, ಎಷ್ಟಕ್ಕೆ ತಪ್ಪಿಸಿಕೊಂಡರು? ಮರಕುಂಬಿ, ಮಿಯಾಪುರ, ಸಂಗನಾಳದ ಹೆಸರು ಯಾವ ನಡವಳಿಯಲ್ಲಿದೆ, ಯಾರು ಎತ್ತಿದರು? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಸಾಕು, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರದಲ್ಲಿ ಕಾಂಗ್ರೆಸ್ಸಿನ ವರ್ಷ, ಬಿಜೆಪಿಯ ವರ್ಷ, ಮೈತ್ರಿಯ ವರ್ಷ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಪಂಚಾಯ್ತಿ ಕಟ್ಟೆಯ ಗೋಡೆಗೆ ಅಂಟಿಸಬೇಕು. ಆ ಹಾಳೆಯನ್ನೇ ಪತ್ರಿಕೆಗಳಿಗೂ ಕಳಿಸಬೇಕು. ಯಾರು ಹಾಕಿದರು, ಯಾರು ಕಸದ ಬುಟ್ಟಿಗೆ ಎಸೆದರು ಎಂಬುದನ್ನು ಅದರ ಕೆಳಗೇ ಬರೆಯಬೇಕು. ಕಾಲೇಜಿನ ಹುಡುಗರು ಇದನ್ನು ಮಾಡಬಲ್ಲರು. ಅರ್ಜಿ ಬರೆಯಲು ಬಾರದವರಿಗೆ ಹಳ್ಳಿಯ ಮಾಸ್ತರರು ಬರೆದುಕೊಡಬಲ್ಲರು. ವೋಟು ಕೇಳಲು ಬಂದವನು ಯಾವ ಶಾಲು ಹೊದ್ದಿದ್ದಾನೆ ಎಂದು ನೋಡುವ ಬದಲು ಅವನನ್ನು ಆ ಗೋಡೆಯ ಮುಂದೆ ನಿಲ್ಲಿಸಬೇಕು.

2021ರಲ್ಲಿ ಎರಡು ವರ್ಷವಾಗಿದ್ದ ಮಕ್ಕಳು ಈಗ ನಮ್ಮ ತಾಲ್ಲೂಕಿನ ಸಾಲಿಗಳಲ್ಲಿ ಅಕ್ಷರ ತಿದ್ದುವ ವಯಸ್ಸಿಗೆ ಬಂದಿದ್ದಾರೆ. ಬಿಸಿಯೂಟದ ಸಾಲಿನಲ್ಲಿ ಅವರು ಯಾರ ಪಕ್ಕ ಕೂರುತ್ತಾರೆ, ಊರ ಕ್ಷೌರದಂಗಡಿಯಲ್ಲಿ ಅವರ ತಲೆಗೆ ಕತ್ತರಿ ಇಡುತ್ತಾರೋ ಇಲ್ಲವೋ ಎಂಬುದು ಅವರ ಮಾಸ್ತರರಿಗೆ ಗೊತ್ತು. ಲೆಕ್ಕದ ಮೊದಲ ಸಾಲನ್ನು ಅಲ್ಲಿಂದಲೇ ಬರೆಯಬಹುದು.